ಬಾಲ್ ಪೈಥಾನ್ ಮರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಡಾಲಸ್‌ನಲ್ಲಿ. ಹದಿನಾಲ್ಕು ವರ್ಷದ ಮಗಳ ಹಟಕ್ಕೆ ಮಣಿದು ಬಾಲ್ ಪೈಥಾನ್ ಎಂಬ ಜಾತಿಯ ಹೆಬ್ಬಾವಿನ ಮರಿಯೊಂದನ್ನು ತರಲು ಒಪ್ಪಿದ್ದೇವೆ. ಈಗ ಅದರ ಉದ್ದ ಸುಮಾರು ಒಂದೂವರೆ ಅಡಿ. ಸದ್ಯಕ್ಕೆ 20 ಗ್ಯಾಲನ್ ಟ್ಯಾಂಕ್ ಸಾಕು, ಬೆಳೆದ ಮೇಲೆ 40 ಗ್ಯಾಲನ್‌ನದು ಕೊಳ್ಳಿ ಎಂದು ಅಂಗಡಿಯವರು ಹೇಳಿದರು. 120 ಗ್ಯಾಲನ್‌ಗಿಂತ ಚಿಕ್ಕದರಲ್ಲಿ ಇಡುವುದು ಹಿಂಸೆ ಎನ್ನುವವರೂ ಇದ್ದಾರೆ. ದೊಡ್ಡ ಜಾಗಕ್ಕೆ ಬಿಟ್ಟರೆ ಹಾವು ಹೆದರಿ ತಿನ್ನುವುದನ್ನೇ ಬಿಡುತ್ತದೆ ಎಂದು ಇನ್ನೊಬ್ಬರು ಹೆದರಿಸಿದರು. ಯಾರ ಮಾತು ಕೇಳುವುದು? ನಮ್ಮದು ಮೂರನೇ ಮಹಡಿಯ ಅಪಾರ್ಟ್‌ಮೆಂಟ್. ಎರಡು ಮೂರು ವರ್ಷದಲ್ಲಿ ಬೆಂಗಳೂರಿಗೆ ಮರಳುವ ಯೋಚನೆಯೂ ಇದೆ.

ಉತ್ತರ: ಬೆಳೆದ ಬಾಲ್ ಪೈಥಾನ್‌ಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆ ಬೇಕು. ಇದು ಕನಿಷ್ಠ ಅಳತೆ. ನಿಮಗೆ ಯಾರೋ ಹೇಳಿದ 120 ಗ್ಯಾಲನ್ ಎಂದರೆ ಇದೇ. 20 ಗ್ಯಾಲನ್‌ನ ಟ್ಯಾಂಕಿಗೆ ದುಡ್ಡು ಹಾಕಬೇಡಿ, ಒಂದು ವರ್ಷದೊಳಗೆ ಅದು ಮೂಲೆ ಸೇರುತ್ತದೆ. 40 ಗ್ಯಾಲನ್‌ನದು ಮರಿಯ ಕಾಲಕ್ಕೆ ಪರವಾಗಿಲ್ಲ, ಜೀವಮಾನಕ್ಕೆ ಸಾಲದು. ದೊಡ್ಡ ಜಾಗದಲ್ಲಿ ಹಾವು ಹೆದರುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಕೊಡುವ ಕಾರಣ ತಪ್ಪು. ಹಾವು ಹೆದರುವುದು ಬಯಲಿಗೆ. ಮೈ ಮರೆಸಿಕೊಳ್ಳಲು ದಾರಿಯುದ್ದಕ್ಕೂ ಏನಾದರೂ ಇದ್ದರೆ ಜಾಗ ಎಷ್ಟು ದೊಡ್ಡದಾದರೂ ಅದಕ್ಕೆ ತೊಂದರೆಯಿಲ್ಲ.

ಮೊದಲು ಗ್ಯಾಲನ್ ಲೆಕ್ಕವನ್ನು ಬದಿಗಿಡೋಣ. ಅದು ಮೀನಿನ ತೊಟ್ಟಿಗೆ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ಹಾವು ಹರಿಯುವುದು ನೆಲದ ಮೇಲೆ, ಹಾಗಾಗಿ ನಮಗೆ ಬೇಕಾದದ್ದು ಉದ್ದ ಮತ್ತು ಅಗಲ. ಅಮೆರಿಕದ ಅಂಗಡಿಗಳಲ್ಲಿ ಸಿಗುವ 20 ಗ್ಯಾಲನ್ ಲಾಂಗ್ ಟ್ಯಾಂಕಿನ ತಳ 30 ಇಂಚು ಉದ್ದ, 12 ಇಂಚು ಅಗಲ. 40 ಗ್ಯಾಲನ್ ಬ್ರೀಡರ್ ಎನ್ನುವುದರ ತಳ 36ಕ್ಕೆ 18 ಇಂಚು. 75 ಗ್ಯಾಲನ್‌ನದು 48ಕ್ಕೆ 18. ನಾಲ್ಕು-ಎರಡು-ಎರಡು ಅಡಿಯದು 48ಕ್ಕೆ 24. ಕೊನೆಯ ಎರಡನ್ನು ಹೋಲಿಸಿ: ಗ್ಯಾಲನ್ ಲೆಕ್ಕದಲ್ಲಿ ದೊಡ್ಡ ಅಂತರ, ಆದರೆ ಉದ್ದ ಒಂದೇ, ಅಗಲದಲ್ಲಿ ಆರೇ ಇಂಚು ವ್ಯತ್ಯಾಸ. ಅದೇ 75 ಗ್ಯಾಲನ್ ನೀರು ಹಿಡಿಯುವ ಎತ್ತರದ, ಕಿರಿದಾದ ತೊಟ್ಟಿಯೂ ಸಿಗುತ್ತದೆ, ಅದರಿಂದ ಹಾವಿಗೆ ಏನೂ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಗ್ಯಾಲನ್ ಕೇಳಬೇಡಿ, ಟೇಪು ಹಿಡಿದು ತಳ ಅಳೆಯಿರಿ.

ತಳ ಎಷ್ಟಿರಬೇಕು ಎಂಬುದನ್ನು ಹಾವಿನ ಮೈಯೇ ಹೇಳುತ್ತದೆ. ಗಂಡು ಬಾಲ್ ಪೈಥಾನ್ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಅಡಿ ಬೆಳೆಯುತ್ತದೆ. ಹೆಣ್ಣು ನಾಲ್ಕರಿಂದ ಐದು ಅಡಿ, ಮೈಯೂ ಗಂಡಿಗಿಂತ ದಪ್ಪ. ಈ ಮೈ ಪೂರ್ತಿ ನೆಟ್ಟಗೆ ಚಾಚಿಕೊಳ್ಳಲು ಜಾಗವಿರಬೇಕು. 40 ಗ್ಯಾಲನ್ ಟ್ಯಾಂಕಿನ ತಳದಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೆ 40 ಇಂಚು ಬರುತ್ತದೆ. ಮೂರೂವರೆ ಅಡಿಯ, ಅಂದರೆ 42 ಇಂಚಿನ ಗಂಡು ಹಾವು ಅದರಲ್ಲಿ ಓರೆಯಾಗಿ ಮಲಗಿದರೂ ನೆಟ್ಟಗಾಗಲಾರದು. 48ಕ್ಕೆ 24 ಇಂಚಿನ ತಳದಲ್ಲಿ ಮೂಲೆಯಿಂದ ಮೂಲೆಗೆ 53 ಇಂಚು ಮೇಲಾಗುತ್ತದೆ, ನಾಲ್ಕೂವರೆ ಅಡಿಯ ಹೆಣ್ಣಿಗೂ ಹೆಚ್ಚುಕಡಿಮೆ ಸಾಕು. ಹೆಣ್ಣು ಐದಡಿ ಮುಟ್ಟಿದರೆ ಐದು ಅಥವಾ ಆರಡಿ ಉದ್ದದ್ದು ಬೇಕು. ಜರ್ಮನಿ 1997ರಲ್ಲೇ ಸರೀಸೃಪಗಳಿಗೆ ಕನಿಷ್ಠ ಜಾಗದ ಮಾರ್ಗಸೂಚಿ ಮಾಡಿತು. ಅದರಲ್ಲಿ ಬಾಲ್ ಪೈಥಾನ್‌ಗೆ ಹೇಳಿರುವುದು ಹಾವಿನ ಉದ್ದದಷ್ಟೇ ಉದ್ದ, ಅದರ ಅರ್ಧದಷ್ಟು ಅಗಲ, ಮುಕ್ಕಾಲಿನಷ್ಟು ಎತ್ತರ. ನಾಲ್ಕಡಿಯ ಹಾವಿಗೆ ಈ ಲೆಕ್ಕ ಹಾಕಿ ನೋಡಿ, ನಾಲ್ಕಕ್ಕೆ ಎರಡರ ತಳವೇ ಬರುತ್ತದೆ, ಎತ್ತರ ಮಾತ್ರ ಮೂರಡಿ.

ಹಾವನ್ನು ಎಳೆದು ಹಿಡಿದು ಅಳೆಯಲು ಹೋಗಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಅದು ಹರಿದಾಡುವಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಆಮೇಲೆ ಫೋಟೋದಲ್ಲಿ ಬೆನ್ನಿನ ಗುಂಟ ದಾರ ಇಟ್ಟು ಲೆಕ್ಕ ಹಾಕಬಹುದು. ಬಿಟ್ಟ ಪೊರೆಯನ್ನು ಅಳೆದು ಹಾವಿನ ಉದ್ದ ಇಷ್ಟು ಎನ್ನುವವರಿದ್ದಾರೆ. ಪೊರೆ ಕಳಚುವಾಗ ಹಿಗ್ಗುತ್ತದೆ, ಯಾವಾಗಲೂ ಹಾವಿಗಿಂತ ಉದ್ದವೇ ಇರುತ್ತದೆ.

ಹಾವು ಹೇಗೂ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದಲ್ಲ, ನೆಟ್ಟಗಾಗುವ ಜಾಗ ಯಾಕೆ ಎಂದು ಅಂಗಡಿಯವರು ಕೇಳಬಹುದು. ಹಗಲು ನೋಡಿದವರ ಮಾತು ಅದು. ಬಾಲ್ ಪೈಥಾನ್ ರಾತ್ರಿ ತಿರುಗುವ ಜೀವಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಕಿದ 65 ಹಾವುಗಳನ್ನು ತಲಾ ಒಂದು ಗಂಟೆ ಗಮನಿಸಿದ್ದರು. ಅಷ್ಟು ಹೊತ್ತಿನಲ್ಲೇ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹಾವುಗಳು ಮೈಯನ್ನು ನೆಟ್ಟಗೆ, ಇಲ್ಲವೇ ಹೆಚ್ಚುಕಡಿಮೆ ನೆಟ್ಟಗೆ ಚಾಚಿದ್ದವು. 2021ರಲ್ಲಿ ಜರ್ಮನಿಯ ಸಂಶೋಧಕರು ಬಾಲ್ ಪೈಥಾನ್‌ಗಳನ್ನೇ ತೆಗೆದುಕೊಂಡು, ತಳಿಗಾರರು ಬಳಸುವ ಪ್ಲಾಸ್ಟಿಕ್ ಡ್ರಾಯರ್‌ಗಳಲ್ಲಿಯೂ ಸಜ್ಜುಗೊಳಿಸಿದ ದೊಡ್ಡ ಟೆರೇರಿಯಂಗಳಲ್ಲಿಯೂ (ಸಾಕುವ ಪೆಟ್ಟಿಗೆಗಳಲ್ಲಿ) ಇಟ್ಟು ಹೋಲಿಸಿದರು. ಟೆರೇರಿಯಂನಲ್ಲಿ ಹಾವುಗಳು ಹತ್ತಿದವು, ಮೈ ಕಾಯಿಸಿಕೊಂಡವು, ಮೈ ಚಾಚಿದವು. ಡ್ರಾಯರ್‌ನಲ್ಲಿ ಇದಕ್ಕೆಲ್ಲ ಆಸ್ಪದವೇ ಇರಲಿಲ್ಲ, ಅಸಹಜ ವರ್ತನೆಯೂ ಕಾಣಿಸಿಕೊಂಡಿತು.

ಚಿಕ್ಕ ಡಬ್ಬಿಯ ಪರ ವಾದಿಸುವವರ ಮುಖ್ಯ ಆಧಾರ ಕಾಡಿನದು. ಪಶ್ಚಿಮ ಆಫ್ರಿಕಾದಲ್ಲಿ ಈ ಹಾವು ಹಗಲೆಲ್ಲ ಗೆದ್ದಲ ಹುತ್ತದಲ್ಲಿ, ಇಲಿ ತೋಡಿದ ಬಿಲದಲ್ಲಿ ಇರುತ್ತದೆ, ಹಾಗಾಗಿ ಇಕ್ಕಟ್ಟೇ ಅದಕ್ಕೆ ಇಷ್ಟ ಎನ್ನುತ್ತಾರೆ. ಹುತ್ತದಲ್ಲಿ ಹಾವಿರುತ್ತದೆ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುತ್ತದ ಹಾವು ಕತ್ತಲಾದ ಮೇಲೆ ಹೊರಗೆ ಬರುತ್ತದೆ ಎಂಬುದೂ ನಮಗೆ ಗೊತ್ತು. ಬಾಲ್ ಪೈಥಾನ್ ಮರವನ್ನೂ ಹತ್ತುತ್ತದೆ, ಅದರಲ್ಲೂ ಗಂಡುಗಳು ಹಕ್ಕಿಗಳನ್ನು ಹಿಡಿದು ತಿನ್ನುತ್ತವೆ. ಆದ್ದರಿಂದ ಎರಡು ಅಳತೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಪೆಟ್ಟಿಗೆಯನ್ನು ಚಾಚಿದ ಹಾವಿಗೆ ಅಳೆಯಬೇಕು. ಒಳಗಿಡುವ ಅಡಗುದಾಣವನ್ನು ಸುರುಳಿ ಸುತ್ತಿದ ಹಾವಿಗೆ ಅಳೆಯಬೇಕು. ಸುರುಳಿಯಾಗಿ ಒಳಗೆ ಕೂತಾಗ ಮೈ ಎರಡು ಮೂರು ಕಡೆ ಗೋಡೆಗೆ ತಾಗಬೇಕು, ಬಾಗಿಲು ಒಂದೇ ಇರಬೇಕು, ಅದೂ ಹಾವು ನುಸುಳುವಷ್ಟೇ. ಒಂದೂವರೆ ಅಡಿಯ ಮರಿಗೆ ಹತ್ತು ಹನ್ನೆರಡು ಸೆಂಟಿಮೀಟರ್ ಅಗಲದ ಅಡಗುದಾಣ ಸಾಕು. ಅಂಗಡಿಗಳಲ್ಲಿ ಹೆಚ್ಚಾಗಿ ಮಾರುವ, ಎರಡೂ ಕಡೆ ತೆರೆದ ಅರ್ಧ ದಿಮ್ಮಿ ನೋಡಲು ಚೆನ್ನ, ಆದರೆ ಹಾವಿಗೆ ಅದು ಸೂರು ಮಾತ್ರ, ಬಿಲ ಅಲ್ಲ.

ಈಗ ನಿಮ್ಮ ಮರಿಯ ಮಾತು. ಎರಡು ದಾರಿಗಳಿವೆ. ಮೂರಡಿ ಉದ್ದದ ಸೆಕೆಂಡ್‌ಹ್ಯಾಂಡ್ ಟ್ಯಾಂಕ್ ಅಗ್ಗಕ್ಕೆ ಸಿಕ್ಕರೆ ಮೊದಲ ವರ್ಷ, ಒಂದೂವರೆ ವರ್ಷ ಅದರಲ್ಲಿ ಇಟ್ಟು, ಹಾವು ಮೂರಡಿ ಮುಟ್ಟುವ ಮುಂಚೆ ನಾಲ್ಕಡಿಯದಕ್ಕೆ ಬದಲಿಸಿ. ಇಲ್ಲದಿದ್ದರೆ ಈಗಲೇ ನಾಲ್ಕಡಿಯದನ್ನು ಕೊಂಡು, ಮರಿಗೆ ತಕ್ಕಂತೆ ತುಂಬಿಸಿ. ಒಟ್ಟು ಖರ್ಚು ಎರಡನೆಯದರಲ್ಲೇ ಕಡಿಮೆ, ನಮ್ಮ ಒಲವೂ ಅತ್ತಲೇ. ತುಂಬಿಸುವುದರಲ್ಲಿ ಮಾತ್ರ ಜಿಪುಣತನ ನಡೆಯುವುದಿಲ್ಲ.

ತಳಕ್ಕೆ ಎಂಟು ಸೆಂಟಿಮೀಟರ್ ದಪ್ಪ ಮಣ್ಣು ಬೇಕು. ನಾಲ್ಕಕ್ಕೆ ಎರಡಡಿ ತಳಕ್ಕೆ ಇದು ಸುಮಾರು 60 ಲೀಟರ್ ಆಗುತ್ತದೆ. ಗೊಬ್ಬರ ಬೆರೆಸದ ತೋಟದ ಮಣ್ಣು ಆರು ಪಾಲು, ತೆಂಗಿನ ನಾರಿನ ಪುಡಿ ನಾಲ್ಕು ಪಾಲು ಬೆರೆಸಿದರೆ ತೇವ ಹಿಡಿದುಕೊಳ್ಳುತ್ತದೆ. ಸೈಪ್ರೆಸ್ ಮರದ ಚೂರೂ ಆಗುತ್ತದೆ. ಸೀಡರ್ ಮತ್ತು ಪೈನ್ ಹೊಟ್ಟು ಬೇಡ, ಅದರ ಘಾಟು ಹಾವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದರ ಮೇಲೆ ಒಣ ಎಲೆಗಳ ಹಾಸು. ಒಂದೇ ಅಳತೆಯ, ಒಂದೇ ಬಗೆಯ ಎರಡು ಅಡಗುದಾಣಗಳನ್ನು ದೀಪದ ಬಿಸಿ ಬೀಳುವ ತುದಿಗೊಂದು, ತಂಪಾಗಿರುವ ಎದುರು ತುದಿಗೊಂದು ಇಡಿ. ಒಂದು ಮಾತ್ರ ಹಿತವಾಗಿದ್ದರೆ ಹಾವು ಮೈ ಕಾಯಿಸುವುದನ್ನೂ ಬಿಟ್ಟು ಅದರಲ್ಲೇ ಕೂರುತ್ತದೆ, ತಿಂದದ್ದು ಅರಗುವುದಿಲ್ಲ. ನಡುವಿನ ಜಾಗದಲ್ಲಿ ಕಾರ್ಕ್ ತೊಗಟೆ, ಪ್ಲಾಸ್ಟಿಕ್ ಬಳ್ಳಿ, ರಟ್ಟಿನ ಡಬ್ಬಿ, ಯಾವುದಾದರೂ ಸರಿ, ಮರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಯಲಿಗೆ ಬೀಳದೆ ಹೋಗುವಂತಿರಬೇಕು. ಮೇಲಿನಿಂದ ನೋಡಿದಾಗ ಮಣ್ಣು ಕಾಲುಭಾಗಕ್ಕಿಂತ ಹೆಚ್ಚು ಕಂಡರೆ ಇನ್ನೂ ತುಂಬಿಸಿ. ಗಾಜಿನದ್ದಾದರೆ ಮೂರು ಬದಿಗಳಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಹತ್ತಲು ಇಡುವ ಕೊಂಬೆ ಹಾವಿನ ಮೈಯಷ್ಟಾದರೂ ದಪ್ಪವಿರಲಿ, ಸ್ಕ್ರೂ ಹಾಕಿ ಬಿಗಿಯಿರಿ. ಬೆಳೆದ ಬಾಲ್ ಪೈಥಾನ್ ಭಾರದ ಹಾವು, ಹತ್ತುವುದರಲ್ಲಿ ಅಂಥ ನಾಜೂಕಿಲ್ಲ. ಸಡಿಲ ಕೊಂಬೆ ಜೊತೆಗೇ ಬೀಳುತ್ತದೆ.

ಮನೆಗೆ ತಂದ ಮೇಲೆ ಒಂದು ವಾರ ಮುಟ್ಟದಿರಿ, ಆಮೇಲೆ ಮೊದಲ ಇಲಿಮರಿ ಕೊಡಿ. ಮಗಳಿಗೆ ಇದು ಕಷ್ಟದ ವಾರ. ತಿನ್ನದಿದ್ದರೆ ಪೆಟ್ಟಿಗೆ ದೊಡ್ಡದಾಯಿತು ಎಂದು ಕೂಡಲೇ ಚಿಕ್ಕದಕ್ಕೆ ಹಾಕಬೇಡಿ. ಮೊದಲು ತಾಪ, ತೇವ, ಅಡಗುದಾಣದ ಅಳತೆ ನೋಡಿ, ಹೆಚ್ಚಿನ ಸಲ ತಪ್ಪು ಅಲ್ಲಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಬೆಳೆದ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಮಾಡುವುದುಂಟು, ತೂಕ ನಿಂತಿದ್ದರೆ ಗಾಬರಿ ಬೇಡ. ಮರಿಯ ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ ಸರೀಸೃಪ ನೋಡುವ ಪಶುವೈದ್ಯರ ಬಳಿ ಒಯ್ಯಿರಿ.

ಜಾಗದ ಪ್ರಶ್ನೆಯನ್ನು ಮರುಕದ ಮಾತಾಗಿ ಮಾತ್ರ ನೋಡುವವರು ಶಾಖದ ವಿಷಯ ಮರೆಯುತ್ತಾರೆ. ಹಾವು ತನ್ನ ಮೈಯ ಬಿಸಿಯನ್ನು ಜಾಗ ಬದಲಿಸಿಯೇ ಸರಿಮಾಡಿಕೊಳ್ಳಬೇಕು. ಬಾಲ್ ಪೈಥಾನ್‌ಗೆ ದೀಪದ ಕೆಳಗಿನ ಮೇಲ್ಮೈ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ತಂಪು ತುದಿಯ ಗಾಳಿ 24ರಿಂದ 27, ರಾತ್ರಿ 22ಕ್ಕಿಂತ ಕೆಳಗೆ ಇಳಿಯಬಾರದು. ಮೂವತ್ತು ಇಂಚಿನ ಟ್ಯಾಂಕಿನಲ್ಲಿ ಈ ಎರಡು ತುದಿಗಳನ್ನು ಬೇರೆಯಾಗಿ ಇಡುವುದೇ ಕಷ್ಟ. ಬಿಸಿ ತುದಿಗೆ 33 ಬಂದಾಗ ತಂಪು ತುದಿ 30 ಆಗಿರುತ್ತದೆ, ಹಾವಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ದೀಪ ಸಣ್ಣದು ಮಾಡಿದರೆ ಬಿಸಿ ತುದಿಯೂ ತಣ್ಣಗಾಗುತ್ತದೆ. ನಾಲ್ಕಡಿಯಲ್ಲಿ ಈ ಪೇಚಾಟವಿಲ್ಲ. 75ರಿಂದ 100 ವ್ಯಾಟ್‌ನ ಹ್ಯಾಲೊಜೆನ್ ಫ್ಲಡ್ ದೀಪ ಒಂದು ತುದಿಯಲ್ಲಿ ಹಗಲಿಗೆ, ಬೆಳಕಿಲ್ಲದ ಸೆರಾಮಿಕ್ ಹೀಟರ್ ರಾತ್ರಿಗೆ. ನಿಮ್ಮೂರಿನ ಬೇಸಿಗೆಯಲ್ಲೂ ಎಸಿ 22ಕ್ಕೆ ಓಡುವ ಮನೆಯಲ್ಲಿ ರಾತ್ರಿಯ ಹೀಟರ್ ಬೇಕಾಗುತ್ತದೆ. ದೀಪ ಒಳಗಿದ್ದರೆ ಸುತ್ತ ತಂತಿ ಬಲೆ ಕಡ್ಡಾಯ, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ಬಿಸಿಯಾಗುವ ಕಲ್ಲು ಅಂತ ಮಾರುವುದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ.

ಎಲ್ಲ ಹೀಟರ್‌ಗಳಿಗೂ ಥರ್ಮೋಸ್ಟಾಟ್, ಅಂದರೆ ತಾಪ ನೋಡಿ ಹೀಟರನ್ನು ಹತೋಟಿಯಲ್ಲಿಡುವ ಯಂತ್ರ ಬೇಕು, ಹ್ಯಾಲೊಜೆನ್‌ಗೆ ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಮ್ಮಿಂಗ್ ಬಗೆಯದು. ಆನ್-ಆಫ್ ಬಗೆಯದು ಹಾಕಿದರೆ ದೀಪ ಮಿಣುಕುತ್ತಾ ಬೇಗ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟಿನ ಪ್ರೋಬನ್ನು, ಅಂದರೆ ವೈರಿನ ತುದಿಯಲ್ಲಿ ತಾಪ ಅಳೆಯುವ ಭಾಗವನ್ನು, ಬಿಸಿ ಜಾಗದಲ್ಲಿ ಕ್ಲಿಪ್ ಹಾಕಿ ಗಟ್ಟಿಯಾಗಿ ಕಟ್ಟಿ. ಹಾವು ಅದನ್ನು ಕಿತ್ತು ನೀರಿನ ಬಟ್ಟಲಿಗೆ ಹಾಕಿತೋ, ಯಂತ್ರಕ್ಕೆ ಎಲ್ಲ ತಣ್ಣಗಿದೆ ಎಂದೇ ಅನ್ನಿಸಿ ಹೀಟರ್ ನಿಲ್ಲದೆ ಉರಿಯುತ್ತದೆ. ಬೆಂದ ಹಾವುಗಳ ಪ್ರಕರಣಗಳಲ್ಲಿ ಇದು ಮಾಮೂಲು ಕಾರಣ. ಒಳಗೆ ಸೆಲ್ಲೊಟೇಪ್ ಬಳಸಬೇಡಿ, ಮೈಗೆ ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ.

ಗಾಜೋ ಪಿವಿಸಿಯೋ? ಈ ಹಾವಿಗೆ ಪಿವಿಸಿ. ತೇವಾಂಶ 60ರಿಂದ 80 ಶೇಕಡಾ ಬೇಕು, ಮೇಲೆ ಜಾಲರಿ ಮುಚ್ಚಳವಿರುವ ಗಾಜಿನ ಟ್ಯಾಂಕಿನಲ್ಲಿ ದೀಪದ ಬಿಸಿ ತೇವವನ್ನೆಲ್ಲ ಹೊರಗೆಳೆಯುತ್ತದೆ. ಆಮೇಲೆ ಪೊರೆ ಚೂರುಚೂರಾಗಿ ಬಿಡುತ್ತದೆ, ಕಣ್ಣಿನ ಮೇಲಿನ ಪೊರೆ ಉಳಿದುಹೋಗುತ್ತದೆ. ಗಾಜಿನದೇ ಇದ್ದರೆ ದೀಪದ ಜಾಗ ಬಿಟ್ಟು ಜಾಲರಿಯ ಮುಕ್ಕಾಲು ಪಾಲನ್ನು ಅಲ್ಯೂಮಿನಿಯಂ ಟೇಪಿನಿಂದ ಹೊರಗಡೆ ಮುಚ್ಚಿ. ನೀರನ್ನು ಮೇಲಿನಿಂದ ಚಿಮುಕಿಸುವುದಕ್ಕಿಂತ ಮೂಲೆಗಳಲ್ಲಿ ಮಣ್ಣಿನ ತಳಕ್ಕೆ ಸುರಿಯುವುದು ಮೇಲು. ಮೇಲ್ಪದರ ಒಣಗಿದ್ದು ಕೆಳಗೆ ತೇವ ಇರಬೇಕು. ಮೇಲ್ಪದರವೇ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಮೂರನೇ ಮಹಡಿಗೆ ಇನ್ನೊಂದು ಲೆಕ್ಕವೂ ಇದೆ. ನಾಲ್ಕು-ಎರಡು-ಎರಡು ಅಳತೆಯ ಗಾಜಿನ ಮೀನಿನ ತೊಟ್ಟಿ ಖಾಲಿಯೇ ಸುಮಾರು ನೂರು ಕಿಲೋ ತೂಗುತ್ತದೆ, ಪಿವಿಸಿಯದು ಅದರ ಮೂರನೇ ಒಂದು ಪಾಲು, ಬಿಡಿ ಹಲಗೆಗಳಾಗಿ ಬರುತ್ತದೆ. ನೆಲ ತಡೆದುಕೊಳ್ಳುತ್ತದೆ, ಅದರ ಚಿಂತೆ ಬೇಡ. ಮೆಟ್ಟಿಲಲ್ಲಿ ಹೊರುವವರು ಯಾರು ಎಂಬುದೇ ಪ್ರಶ್ನೆ. ಬಾಡಿಗೆ ಕರಾರಿನಲ್ಲಿ ಹಾವಿಗೆ ಅವಕಾಶ ಇದೆಯೇ ಎಂದೂ ಮೊದಲೇ ನೋಡಿ.

ದೊಡ್ಡ ಪೆಟ್ಟಿಗೆಯ ನಿಜವಾದ ಅಪಾಯ ಸಂದು. ನಾಲ್ಕಡಿಯ ಪೆಟ್ಟಿಗೆಗಳು ಬೆಳೆದ ಹಾವಿಗೆಂದು ಮಾಡಿದಂಥವು. ಜಾರುವ ಎರಡು ಗಾಜುಗಳ ನಡುವೆ, ವೈರ್ ತೂತಿನಲ್ಲಿ, ಗಾಳಿಕಿಂಡಿಯಲ್ಲಿ ಬೆಳೆದ ಹಾವು ನುಗ್ಗದು, ಮರಿ ನುಗ್ಗುತ್ತದೆ. ತಲೆ ತೂರಿದರೆ ಮೈಯೂ ತೂರಿತೆಂದೇ ಲೆಕ್ಕ. ಐದಾರು ಮಿಲಿಮೀಟರ್‌ಗಿಂತ ಅಗಲದ ಸಂದು ಎಲ್ಲಿದ್ದರೂ ಹಾವು ತರುವ ಮುಂಚೆ ಮುಚ್ಚಿ. ಸಿಲಿಕೋನ್ ಬಳಸಿದರೆ ಅದರ ವಾಸನೆ ಪೂರ್ತಿ ಹೋಗುವ ತನಕ ಹಾವು ಬಿಡಬೇಡಿ. ಬಾಗಿಲಿಗೆ ಬೀಗ ಇರಲಿ.

ಅಳತೆ ತಪ್ಪಿದರೆ ಹಾವೇ ತೋರಿಸುತ್ತದೆ. ರಾತ್ರಿಯೆಲ್ಲ ಗಾಜಿನ ಗುಂಟ ಓಡಾಡಿ ಮೂತಿ ಉಜ್ಜಿಕೊಂಡು ಗಾಯ ಮಾಡಿಕೊಂಡರೆ ಜಾಗ ಸಾಲದು, ಅಥವಾ ಎರಡು ತುದಿಯೂ ಬಿಸಿಯಾಗಿದೆ. ಕತ್ತಲಾದ ಮೇಲೂ ವಾರಗಟ್ಟಲೆ ಅಡಗುದಾಣದಿಂದ ತಲೆ ಹೊರಹಾಕದಿದ್ದರೆ, ಬಾಗಿಲು ತೆರೆದ ಕೂಡಲೇ ಹೊಡೆಯಲು ಬಂದರೆ ಬಯಲು ಹೆಚ್ಚಾಗಿದೆ. ಜಾಗ ಹೇಗೂ ದೊಡ್ಡದಿದೆ ಎಂದು ಇನ್ನೊಂದು ಹಾವನ್ನು ಜೊತೆಗೆ ಬಿಡುವ ಆಸೆ ಮಾತ್ರ ಬೇಡ. ಅವು ಮೈಗೆ ಮೈ ಸೇರಿಸಿ ಮಲಗುವುದು ಪ್ರೀತಿಯಿಂದಲ್ಲ, ಒಂದೇ ಒಳ್ಳೆಯ ಜಾಗಕ್ಕೆ ಪೈಪೋಟಿ.

ಬಾಲ್ ಪೈಥಾನ್ ಬದಲು ಕಾರ್ನ್ ಸ್ನೇಕ್ ತಂದರೆ ಚಿಕ್ಕದರಲ್ಲಿ ಮುಗಿಯುತ್ತದೆಯೇ ಎಂದು ಕೇಳುವವರಿಗೆ ಉತ್ತರ, ಇಲ್ಲ. ಅದು ಸಣಕಲಾದರೂ ನಾಲ್ಕೈದು ಅಡಿ ಬೆಳೆಯುತ್ತದೆ, ಇದಕ್ಕಿಂತ ಚುರುಕು, ಅದಕ್ಕೂ ಇದೇ ನಾಲ್ಕು-ಎರಡು-ಎರಡು ಬೇಕು. ಅದರ ಮರಿ ಪೆನ್ಸಿಲ್‌ನಷ್ಟೇ ದಪ್ಪ, ಸಂದುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಿಜಕ್ಕೂ ಚಿಕ್ಕ ಜಾಗದಲ್ಲಿ ಬಾಳುವುದು ವೆಸ್ಟರ್ನ್ ಹಾಗ್‌ನೋಸ್ ಎಂಬ ಸಣ್ಣ ಹಾವು, ಮೂರಕ್ಕೆ ಒಂದೂವರೆ ಅಡಿ ತಳ ಅದಕ್ಕೆ ಸಾಕು. ಯಾವುದನ್ನು ತಂದರೂ ಆಯಾ ಊರಿನ ಕಾನೂನು ಮೊದಲು ನೋಡಿ. ಕಾರ್ನ್ ಸ್ನೇಕ್ ಜಾರ್ಜಿಯಾ ರಾಜ್ಯದ ಕಾಡುಹಾವು, ಹಾಗಾಗಿ ಅಲ್ಲಿ ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿರುವವರು ಈ ಮೂರನ್ನೂ ಮರೆಯಬೇಕು, ಅಲ್ಲಿ ಲೈಸೆನ್ಸ್ ಪಡೆದು ಸಾಕಬಹುದಾದದ್ದು ಆ ನೆಲದ ಹಾವುಗಳನ್ನು ಮಾತ್ರ.

ಉಳಿದದ್ದು ಬೆಂಗಳೂರಿನ ಮಾತು. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಅಮೆರಿಕದಿಂದ ಹೊರಡಿಸಲು ಪರವಾನಗಿ ಬೇಕು, ಭಾರತದೊಳಗೆ ತರಲು ಬೇರೆ ಅನುಮತಿಗಳು ಬೇಕು. ನಾಯಿ ಬೆಕ್ಕುಗಳನ್ನು ಜೊತೆಗೆ ಕರೆತರುವಷ್ಟು ಸರಳ ದಾರಿ ಹಾವಿಗಿಲ್ಲ. ತಂದ ಮೇಲೂ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದನ್ನು ಡಾಲಸ್‌ನಲ್ಲೇ ಯಾರಿಗಾದರೂ ಕೊಟ್ಟು, ಬೆಂಗಳೂರಿನಲ್ಲಿ ಬೇರೆ ಹಾವು ಸಾಕೋಣ ಎಂದುಕೊಂಡರೆ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಸೇರಿದಂತೆ ನಮ್ಮ ನೆಲದ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಈ ಹಾವು ಇಪ್ಪತ್ತರಿಂದ ಮೂವತ್ತು ವರ್ಷ ಬಾಳುತ್ತದೆ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣೊಂದು 2020ರಲ್ಲಿ ಮೊಟ್ಟೆಯಿಟ್ಟಿತ್ತು. ನೀವು ಅಲ್ಲಿರುವುದು ಎರಡು ಮೂರು ವರ್ಷವಷ್ಟೇ ಎಂಬುದು ಖಚಿತವಿದ್ದರೆ ಮರಿ ಕೊಳ್ಳುವ ಬದಲು ಸರೀಸೃಪಗಳ ರೆಸ್ಕ್ಯೂ ಸಂಸ್ಥೆಯೊಂದನ್ನು ವಿಚಾರಿಸಿ, ತಾತ್ಕಾಲಿಕವಾಗಿ ನೋಡಿಕೊಳ್ಳುವ ಮನೆಗಳನ್ನು ಅವರು ಹುಡುಕುತ್ತಲೇ ಇರುತ್ತಾರೆ. ಹಾಗೆ ಬರುವುದು ಹೆಚ್ಚಾಗಿ ಬೆಳೆದ ಹಾವು. ಆಗ ಮರಿಗೆಂದು ಮೇಲೆ ಹೇಳಿದ ಮಧ್ಯದ ಹಂತ ಬೇಕಿಲ್ಲ, ನಾಲ್ಕಡಿಯ ಪೆಟ್ಟಿಗೆ ಹಾವು ಬರುವ ಒಂದು ವಾರ ಮುಂಚೆಯೇ ಸಜ್ಜಾಗಿ, ಹೀಟರ್‌ಗಳು ಹಗಲು ರಾತ್ರಿ ಓಡಿ, ತಾಪ ಸರಿಯಿದೆ ಎಂದು ಖಾತ್ರಿಯಾಗಿರಬೇಕು.